ಪಾತ್ರೆಯೊಳಗಿನ ಮದ್ದು: ಇಂಜಿನಿಯರಿಂಗ್ ಪ್ರಯೋಗಶಾಲೆಯಲ್ಲಿ ಔಷಧಚಲನಶಾಸ್ತ್ರದ ಬೋಧನೆ

ನುಂಗಿದ ಮಾತ್ರೆಯು ರಕ್ತವನ್ನು ಯಾವಾಗ ಸೇರುವುದು, ಸೇರಿದುದು ಯಾವ ಯಾವ ಅಂಗಗಳಿಗೆ ಹರಡಿಕೊಳ್ಳುವುದು, ಯಕೃತ್ತೂ ಮೂತ್ರಪಿಂಡಗಳೂ ಅದನ್ನು ಎಷ್ಟು ಹೊತ್ತಿನಲ್ಲಿ ಹೊರಹಾಕುವುವು ಎಂಬ ಪ್ರಶ್ನೆಗಳು ವೈದ್ಯರಿಗೂ ಫಾರ್ಮಸಿ ಓದಿದವರಿಗೂ ಮೀಸಲಾದವೆಂದೇ ನಮ್ಮಲ್ಲಿ ಬಹುಕಾಲದಿಂದ ಭಾವಿಸಲಾಗಿದೆ. ಆದರೆ ಇವುಗಳಲ್ಲಿ ಯಾವ ಪ್ರಶ್ನೆಯನ್ನು ಬಿಡಿಸಿ ನೋಡಿದರೂ ಅದರ ತಿರುಳಿನಲ್ಲಿ ಒಳಬಂದುದೆಷ್ಟು, ಹೊರಹೋದುದೆಷ್ಟು, ಉಳಿದುದೆಷ್ಟು ಎಂಬ ಲೆಕ್ಕವೇ ಇರುವುದರಿಂದಲೂ, ಅದೇ ಲೆಕ್ಕವನ್ನು ರಾಸಾಯನಿಕ ಇಂಜಿನಿಯರಿಂಗಿನ ವಿದ್ಯಾರ್ಥಿಯು ಟ್ಯಾಂಕು, ಕೊಳವೆ, ಪಂಪುಗಳ ವಿಷಯದಲ್ಲಿ ಮೊದಲಿನಿಂದಲೇ ಮಾಡುತ್ತಿರುವುದರಿಂದಲೂ, ಫಾರ್ಮಕೊಕೈನೆಟಿಕ್ಸ್ ಎಂದು ಕರೆಯಲ್ಪಡುವ ಔಷಧಚಲನಶಾಸ್ತ್ರವು ಇಂಜಿನಿಯರನಿಗೆ ಪರಕೀಯವಾದ ವಿದ್ಯೆಯೇನೂ ಆಗಲಾರದು. ಅದನ್ನು ಅವನಿಗೆ ಕಲಿಸತಕ್ಕ ಬಗೆ ಯಾವುದು, ಕರಿಹಲಗೆಯ ಸಮೀಕರಣವೋ, ಗಣಕಯಂತ್ರದ ಅನುಕರಣವೋ, ಪ್ರಯೋಗಶಾಲೆಯ ಪಾತ್ರೆಯೋ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಿದರ್ಶನಗಳನ್ನು ಸಾಧ್ಯವಾದಲ್ಲೆಲ್ಲ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಮೂರು ತಾಲ್ಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಿಂದ ಆಯ್ದುಕೊಂಡಿದೆ.

ಈ ಆಯ್ಕೆಗೆ ಕಾರಣವುಂಟು. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಮುಗಿಸಿದ ಇಲ್ಲಿಯ ಮಕ್ಕಳು ಇಂಜಿನಿಯರಿಂಗ್ ಓದಲು ಹುಬ್ಬಳ್ಳಿ-ಧಾರವಾಡಗಳಿಗೋ, ಘಟ್ಟವಿಳಿದು ಭಟ್ಕಳ-ಕಾರವಾರಗಳಿಗೋ, ಇನ್ನೂ ದೂರದ ಬೆಂಗಳೂರಿಗೋ ಹೋಗುವುದು ವಾಡಿಕೆ. ಹುಬ್ಬಳ್ಳಿಯಲ್ಲಿ 1947ರಲ್ಲಿ ಪ್ರಾರಂಭವಾಗಿ ಇಂದು ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆದಿರುವ ಭೂಮರಡ್ಡಿ ಕಾಲೇಜಿನಲ್ಲಿಯೂ, 1998ರಲ್ಲಿ ಬೆಳಗಾವಿಯಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಂಗಸಂಸ್ಥೆಗಳಲ್ಲಿಯೂ ಜೈವಿಕ ತಂತ್ರಜ್ಞಾನವನ್ನು ಇಂಜಿನಿಯರಿಂಗಿನ ಒಂದು ಶಾಖೆಯಾಗಿಯೇ ಬೋಧಿಸಲಾಗುತ್ತಿದೆ. ಹಾಗೆ ಹೋಗುವ ವಿದ್ಯಾರ್ಥಿಗೆ ಮದ್ದು ಮತ್ತು ಕಾಲ ಇವೆರಡರ ಸಂಬಂಧವು ಹೊಸ ಸಂಗತಿಯಲ್ಲ. ಶಿರಸಿಯಿಂದ ಹುಬ್ಬಳ್ಳಿಯ ಕಿಮ್ಸ್ ಆಸ್ಪತ್ರೆಗೆ ಸುಮಾರು 100 ಕಿಲೋಮೀಟರು ದೂರ; ಅಷ್ಟು ದಾರಿಯನ್ನು ಆಂಬುಲೆನ್ಸಿನಲ್ಲಿ ಕ್ರಮಿಸುವಷ್ಟರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ಕೊಟ್ಟ ಪ್ಯಾರಾಸಿಟಮಾಲಿನ ಅರ್ಧಭಾಗವು ಬಹುಮಟ್ಟಿಗೆ ದೇಹದಿಂದ ನಿರ್ಗಮಿಸಿರುವುದು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ವರ್ಷಗಳಿಂದ ಕೇಳಿಬರುತ್ತಿರುವ ಸೀಮೆಯಲ್ಲಿ, ಔಷಧವು ಎಷ್ಟು ಹೊತ್ತು ಕೆಲಸಮಾಡುವುದೆಂಬುದು ಪುಸ್ತಕದ ಪ್ರಶ್ನೆಯಾಗಿ ಮಾತ್ರ ಉಳಿದಿಲ್ಲ.

ಶಾಸ್ತ್ರದ ಚರಿತ್ರೆಯನ್ನು ಅವಲೋಕಿಸಿದರೆ, ಅದು ಎರಡು ಪ್ರತ್ಯೇಕ ಮೂಲಗಳಿಂದ ಹುಟ್ಟಿ, ಬಹುಕಾಲ ಒಂದನ್ನೊಂದು ಅರಿಯದೆ ಪಕ್ಕಪಕ್ಕದಲ್ಲಿಯೇ ಸಾಗಿದುದು ಕಂಡುಬರುತ್ತದೆ. ಸ್ವೀಡನ್ನಿನ ಉಪ್ಸಾಲಾದ ಶರೀರಶಾಸ್ತ್ರಜ್ಞ ಟೋರ್ಸ್ಟೆನ್ ಟಿಯೋರೆಲ್ 1937ರಲ್ಲಿ ಪ್ರಕಟಿಸಿದ ಎರಡು ಪ್ರಬಂಧಗಳಲ್ಲಿ ದೇಹವನ್ನು ಪರಸ್ಪರ ಕೂಡಿಕೊಂಡ ಕೆಲವು ಕೋಷ್ಠಗಳೆಂದು ಕಲ್ಪಿಸಿ, ಔಷಧವು ಅವುಗಳ ನಡುವೆ ಹರಿಯುವ ಬಗೆಯನ್ನು ಗಣಿತದಲ್ಲಿ ನಿರೂಪಿಸಿದನು. ಆ ಪ್ರಬಂಧಗಳು ಬಹುಕಾಲ ಯಾರ ಗಮನಕ್ಕೂ ಬಾರದೆ ಉಳಿದುವು. ಜರ್ಮನಿಯ ಮಕ್ಕಳ ವೈದ್ಯ ಡೋಸ್ಟ್ 1953ರಲ್ಲಿ ರಕ್ತದಲ್ಲಿನ ಔಷಧಪ್ರಮಾಣವನ್ನು ಕುರಿತು ಬರೆದ ಗ್ರಂಥದಿಂದ ಶಾಸ್ತ್ರಕ್ಕೆ ಹೆಸರೂ ನೆಲೆಯೂ ದೊರೆತುವು. ಅದೇ 1953ರಲ್ಲಿ ಕೇಂಬ್ರಿಡ್ಜಿನ ರಾಸಾಯನಿಕ ಇಂಜಿನಿಯರ್ ಡ್ಯಾಂಕ್‌ವರ್ಟ್ಸ್, ಹರಿವು ನಿರಂತರವಾಗಿರುವ ಪಾತ್ರೆಯೊಳಗೆ ದ್ರವದ ಕಣಗಳು ಎಷ್ಟೆಷ್ಟು ಕಾಲ ತಂಗುವುವೆಂಬುದನ್ನು ಲೆಕ್ಕಹಾಕುವ ವಿಧಾನವನ್ನು ಪ್ರಕಟಿಸಿದನು. ಒಬ್ಬನ ಕಣ್ಣೆದುರು ಇದ್ದುದು ಕಾರ್ಖಾನೆಯ ಟ್ಯಾಂಕು, ಇನ್ನೊಬ್ಬನ ಕಣ್ಣೆದುರು ಇದ್ದುದು ಮಗುವಿನ ರಕ್ತ. ಇಬ್ಬರ ಹಾಳೆಯ ಮೇಲೂ ಮೂಡಿದ ವಕ್ರರೇಖೆಯು ಒಂದೇ ಕುಲಕ್ಕೆ ಸೇರಿದುದಾಗಿತ್ತು. ಈ ಎರಡು ಮೂಲಗಳನ್ನು ಒಂದುಗೂಡಿಸಿದ ಕೀರ್ತಿಯು ಬಹುಪಾಲು ಅಮೆರಿಕದ ರಾಸಾಯನಿಕ ಇಂಜಿನಿಯರುಗಳಾದ ಕೆನೆತ್ ಬಿಷಾಫ್ ಮತ್ತು ರಾಬರ್ಟ್ ಡೆಡ್ರಿಕ್ ಇವರಿಗೆ ಸಲ್ಲಬೇಕು. ಅರಿವಳಿಕೆಗೆ ಬಳಸುವ ಥಯೋಪೆಂಟಾಲ್ ಎಂಬ ಮದ್ದು ರಕ್ತದಿಂದ ಸ್ನಾಯುವಿಗೂ ಕೊಬ್ಬಿಗೂ ಹರಡಿಕೊಳ್ಳುವುದನ್ನು ಅವರು 1968ರಲ್ಲಿ ಅಂಗಾಂಗಗಳ ನಿಜವಾದ ಗಾತ್ರ ಮತ್ತು ರಕ್ತಪ್ರವಾಹಗಳನ್ನೇ ಇಟ್ಟುಕೊಂಡು ಲೆಕ್ಕಹಾಕಿ ತೋರಿಸಿದರು. ಬೋಧನೆಯ ಕ್ಷೇತ್ರದಲ್ಲಿ ಇದರ ಫಲವು ತಡವಾಗಿ ಕಾಣಿಸಿಕೊಂಡಿತು. ನ್ಯೂಜೆರ್ಸಿಯ ರೋವನ್ ವಿಶ್ವವಿದ್ಯಾಲಯದ ಸ್ಟೆಫನಿ ಫಾರೆಲ್ ಮತ್ತು ರಾಬರ್ಟ್ ಹೆಸ್ಕೆತ್ ಇವರು ರಾಸಾಯನಿಕ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆಂದು ಔಷಧವಿತರಣೆಯ ಸುಲಭ ಪ್ರಯೋಗಗಳನ್ನು ರೂಪಿಸಿ ಪ್ರಕಟಿಸಿದುದು 2002ರ ಸುಮಾರಿನಲ್ಲಿ.

ಪ್ರಯೋಗಗಳ ಪೈಕಿ ಅತ್ಯಂತ ಸರಳವೂ ಮೂಲಭೂತವೂ ಆದುದು ಒಂದೇ ಪಾತ್ರೆಯ ಪ್ರಯೋಗ. ಮಲೆನಾಡಿನ ಮನೆಗಳ ಹಿತ್ತಲಲ್ಲಿ ಅಡಿಕೆಯ ದಂಬೆಯಿಂದ ಹರಿದುಬಂದ ಅಬ್ಬಿಯ ನೀರು ಕಲ್ಲಿನ ಮರಿಗೆಯನ್ನು ತುಂಬಿ, ಬಿದ್ದಷ್ಟೇ ನೀರು ಅಂಚಿನಿಂದ ಸದಾ ಹೊರಚೆಲ್ಲುತ್ತಿರುವಂತೆ, ಇಲ್ಲಿಯೂ ಒಳಹರಿವು ಹೊರಹರಿವುಗಳು ಸಮನಾಗಿದ್ದು ನೀರಿನ ಮಟ್ಟವು ಬದಲಾಗದೆ ನಿಲ್ಲುವುದು. ಒಂದು ಲೀಟರ್ ನೀರಿರುವ ಬೀಕರಿಗೆ ನಿಮಿಷಕ್ಕೆ 50 ಮಿಲಿಲೀಟರಿನಂತೆ ಶುದ್ಧಜಲವನ್ನು ಹಾಯಿಸಿ, ಅಷ್ಟೇ ನೀರನ್ನು ಹೊರತೆಗೆಯುತ್ತ, ಮ್ಯಾಗ್ನೆಟಿಕ್ ಸ್ಟಿರರಿನಿಂದ ಕಲಕುತ್ತಿರುವಾಗ, ಒಂದೇ ಸಲಕ್ಕೆ ಅಡುಗೆ ಬಣ್ಣದ ದ್ರಾವಣವನ್ನು ಸುರಿಯುವುದು. ಅನಂತರ ನಿಯತಕಾಲಕ್ಕೊಮ್ಮೆ ಮಾದರಿಯನ್ನು ತೆಗೆದು ಕಲರಿಮೀಟರಿನಲ್ಲಿ ಅಳೆಯುವುದು. ಪ್ರತಿ ನಿಮಿಷವೂ ಪಾತ್ರೆಯ ಇಪ್ಪತ್ತನೆಯ ಒಂದು ಭಾಗದಷ್ಟು ನೀರು ಬದಲಾಗುವುದರಿಂದ ಬಣ್ಣವು ಅರ್ಧಕ್ಕಿಳಿಯಲು ಹಿಡಿಯುವ ಕಾಲವು 0.693ನ್ನು 0.05ರಿಂದ ಭಾಗಿಸಿದಷ್ಟು, ಎಂದರೆ ಸುಮಾರು 14 ನಿಮಿಷ. ಇದೇ ಅರ್ಧಾಯು. ಬೀಕರಿನ ಗಾತ್ರವು ಔಷಧದ ವಿತರಣ ಪರಿಮಾಣವನ್ನೂ, ಹೊರಹರಿವು ಯಕೃತ್ತು-ಮೂತ್ರಪಿಂಡಗಳ ಕ್ಲಿಯರೆನ್ಸನ್ನೂ ಪ್ರತಿನಿಧಿಸುವುವು. ಈಗ ಪಾತ್ರೆಯನ್ನು ಬಿಟ್ಟು ಮನುಷ್ಯನ ಕಡೆಗೆ ತಿರುಗಿದರೆ, ಮಧ್ಯಮ ಗಾತ್ರದ ವಯಸ್ಕನಲ್ಲಿ ಪ್ಯಾರಾಸಿಟಮಾಲಿನ ವಿತರಣ ಪರಿಮಾಣವು ಸುಮಾರು 50 ಲೀಟರ್, ಅರ್ಧಾಯು ಸುಮಾರು 2 ಗಂಟೆ. ಆದುದರಿಂದ ಕ್ಲಿಯರೆನ್ಸು ಗಂಟೆಗೆ 17 ಲೀಟರಿನಷ್ಟಿರಬೇಕೆಂಬುದನ್ನೂ, 500 ಮಿಲಿಗ್ರಾಮಿನ ಒಂದು ಮಾತ್ರೆಯು ಪೂರ್ತಿ ಹೀರಲ್ಪಟ್ಟರೆ ರಕ್ತದಲ್ಲಿ ಲೀಟರಿಗೆ ಹೆಚ್ಚೆಂದರೆ 10 ಮಿಲಿಗ್ರಾಮ್ ಇರಬಹುದೆಂಬುದನ್ನೂ ವಿದ್ಯಾರ್ಥಿಯು ಅದೇ ಸೂತ್ರದಿಂದ ತಾನೇ ಹೇಳಬಲ್ಲನು.

ಆದರೆ ಮಾತ್ರೆಯು ನೇರವಾಗಿ ರಕ್ತಕ್ಕೆ ಬೀಳುವುದಿಲ್ಲ. ಕರುಳಿನಿಂದ ಹೀರಲ್ಪಡುವ ಹಂತವನ್ನು ತೋರಿಸಲು ಮೊದಲಿನ ಬೀಕರಿನ ಮುಂದೆ 250 ಮಿಲಿಲೀಟರಿನ ಇನ್ನೊಂದು ಪಾತ್ರೆಯನ್ನು ಜೋಡಿಸಿ, ಬಣ್ಣವನ್ನು ಆ ಚಿಕ್ಕ ಪಾತ್ರೆಗೆ ಹಾಕಿದರೆ ಸಾಕು. ಹರಿವು ಹಿಂದಿನಷ್ಟೇ ಇದ್ದಲ್ಲಿ ದೊಡ್ಡ ಪಾತ್ರೆಯ ಬಣ್ಣವು ಮೊದಲು ಏರುತ್ತ ಹೋಗಿ, ಸುಮಾರು 9 ನಿಮಿಷಗಳಾಗುವಾಗ ತುತ್ತತುದಿಯನ್ನು ಮುಟ್ಟಿ, ಆ ಬಳಿಕ ಇಳಿಯತೊಡಗುವುದು. ತುದಿಯ ಎತ್ತರವು ಬಣ್ಣವನ್ನು ನೇರವಾಗಿ ಸುರಿದಿದ್ದರೆ ಇರುತ್ತಿದ್ದುದರ ನೂರಕ್ಕೆ 63ರಷ್ಟು. ಚಿಕ್ಕ ಪಾತ್ರೆಯ ಸ್ಥಳದಲ್ಲಿ ದೊಡ್ಡದನ್ನೂ ದೊಡ್ಡದರ ಸ್ಥಳದಲ್ಲಿ ಚಿಕ್ಕದನ್ನೂ ಇಟ್ಟು ಪ್ರಯೋಗವನ್ನು ಪುನಃ ನಡೆಸಿದಾಗ, ಕೊನೆಯ ಇಳಿತದ ವೇಗವನ್ನು ನಿಶ್ಚಯಿಸುವುದು ಹೊರಹಾಕುವ ಪಾತ್ರೆಯಾಗಿರದೆ ಒಳಬಿಡುವ ಪಾತ್ರೆಯಾಗಿರುವುದು ಗೋಚರವಾಗುತ್ತದೆ. ರುಮ್ಯಾಟಿಕ್ ಹೃದ್ರೋಗಿಗಳಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಕೊಡುವ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದಿನ ರಹಸ್ಯವು ಇದೇ. ರಕ್ತವನ್ನು ಸೇರಿದ ಪೆನಿಸಿಲಿನ್ ಅರ್ಧ ಗಂಟೆಯಲ್ಲಿ ಅರ್ಧಕ್ಕಿಳಿಯುವುದಾದರೂ, ಸ್ನಾಯುವಿನಲ್ಲಿ ಕೂತ ಗಂಟು ಅದನ್ನು ವಾರಗಟ್ಟಲೆ ಹನಿಹನಿಯಾಗಿ ಬಿಟ್ಟುಕೊಡುತ್ತಿರುತ್ತದೆ. ತೋಟದಲ್ಲಿ ಕೊಳಕುಮಂಡಲ ಕಚ್ಚಿದವನಿಗೆ ಪ್ರತಿವಿಷವನ್ನು ಕೊಟ್ಟು ವಿಷಲಕ್ಷಣಗಳು ಅಡಗಿದ ಮೇಲೆಯೂ ವೈದ್ಯರು ಮತ್ತೆ ಮತ್ತೆ ರಕ್ತವನ್ನು ಪರೀಕ್ಷಿಸುವುದಕ್ಕೆ ಇರುವ ಕಾರಣಗಳಲ್ಲಿಯೂ ಇದೊಂದು. ಕಚ್ಚಿದ ಜಾಗದಲ್ಲಿ ಉಳಿದ ವಿಷವು ತಡವಾಗಿ ರಕ್ತಕ್ಕೆ ಇಳಿಯುವ ಸಂಭವವಿರುತ್ತದೆ.

ಇನ್ನು ಮೂರನೆಯ ಪ್ರಯೋಗಕ್ಕೆ ಈ ಮೂರು ತಾಲ್ಲೂಕುಗಳ ಚರಿತ್ರೆಯೇ ಪೀಠಿಕೆಯಾಗಬಲ್ಲದು. ಸ್ವಾತಂತ್ರ್ಯಪೂರ್ವದಲ್ಲಿ ಘಟ್ಟದ ಮೇಲಿನ ಈ ಸೀಮೆಯು ಮಲೇರಿಯದ ಬೀಡಾಗಿದ್ದು, ಊರೂರುಗಳಲ್ಲಿ ಜನಸಂಖ್ಯೆಯೇ ಕ್ಷೀಣಿಸಿತ್ತು. ಮುಂಬಯಿ ಪ್ರಾಂತದ ಅಧಿಕಾರಿ ಡಾ. ಡಿ.ಕೆ. ವಿಶ್ವನಾಥನ್ ಇವರ ನೇತೃತ್ವದಲ್ಲಿ 1946ರ ಸುಮಾರಿಗೆ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸುವ ಕಾರ್ಯ ಆರಂಭವಾಗುವವರೆಗೂ ಜ್ವರಪೀಡಿತರಿಗೆ ಕ್ವಿನೈನೇ ಮುಖ್ಯ ಆಶ್ರಯವಾಗಿತ್ತು. ಆರೋಗ್ಯವಂತನಲ್ಲಿ ಕ್ವಿನೈನಿನ ಅರ್ಧಾಯು ಸುಮಾರು 11 ಗಂಟೆ. ಮಲೇರಿಯ ಉಲ್ಬಣಿಸಿದವನಲ್ಲಿ ಅದು ಇನ್ನೂ ದೀರ್ಘವಾಗುತ್ತದೆ. ಒಂದೇ ಪ್ರಮಾಣದ ಮದ್ದನ್ನು ನಿಯತಕಾಲಕ್ಕೆ ಕೊಡುತ್ತ ಹೋದರೆ ರಕ್ತದಲ್ಲಿನ ಅದರ ಮಟ್ಟವು ಸ್ಥಿರವಾಗಲು ನಾಲ್ಕೈದು ಅರ್ಧಾಯುಗಳು ಕಳೆಯಬೇಕಾಗಿರುವುದರಿಂದ, ಎರಡು ದಿನಗಳಾದರೂ ರೋಗಿಯು ಕಡಿಮೆ ಮಟ್ಟದಲ್ಲಿಯೇ ಉಳಿಯುವನು; ಮೆದುಳಿಗೇರಿದ ಮಲೇರಿಯವು ಅಷ್ಟು ದಿನ ಕಾಯುವುದಿಲ್ಲ. 1980ರ ದಶಕದ ಆರಂಭದಲ್ಲಿ ಥಾಯ್ಲೆಂಡಿನಲ್ಲಿ ಕೆಲಸಮಾಡುತ್ತಿದ್ದ ನಿಕೋಲಸ್ ವೈಟ್ ಮತ್ತು ಸಂಗಡಿಗರು ಈ ಲೆಕ್ಕದ ಆಧಾರದಿಂದಲೇ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿನಂತೆ ಮೊದಲ ಪ್ರಮಾಣವನ್ನು ಇಮ್ಮಡಿಯಾಗಿ ಕೊಟ್ಟು, ಅನಂತರ 8 ಗಂಟೆಗೊಮ್ಮೆ 10 ಮಿಲಿಗ್ರಾಮಿನಂತೆ ಮುಂದುವರಿಸುವ ಪದ್ಧತಿಯನ್ನು ಸಮರ್ಥಿಸಿದರು. ಪ್ರಯೋಗಶಾಲೆಯಲ್ಲಿ ಇದನ್ನು ಕಾಣಿಸುವುದು ಸುಲಭ: ಬೀಕರಿಗೆ ಬಣ್ಣದ ನೀರನ್ನು ಸಮಧಾರೆಯಾಗಿ ಬಿಟ್ಟರೆ ಬಣ್ಣವು ತನ್ನ ಕೊನೆಯ ಮಟ್ಟವನ್ನು ಬಹುಮಟ್ಟಿಗೆ ಮುಟ್ಟಲು 70 ನಿಮಿಷಗಳು ಬೇಕಾಗುವುವು, ಮೊದಲೇ ತಕ್ಕಷ್ಟು ಬಣ್ಣವನ್ನು ಸುರಿದು ಧಾರೆಯನ್ನು ಆರಂಭಿಸಿದರೆ ಮೊದಲ ಕ್ಷಣದಿಂದಲೇ ಮಟ್ಟವು ಸ್ಥಿರವಾಗಿರುವುದು.

ಪಾತ್ರೆಯ ಪ್ರಯೋಗಗಳ ನಿಜವಾದ ಬೆಲೆಯು ಇಷ್ಟರಲ್ಲಿಯೇ ಮುಗಿಯುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಬಹುದಿನದಿಂದ ರೂಢವಾಗಿರುವ ಒಂದು ಚಾಳಿಯೆಂದರೆ, ಬರಬೇಕಾದ ಉತ್ತರವನ್ನು ಮೊದಲೇ ತಿಳಿದುಕೊಂಡು ಅದಕ್ಕೆ ಹೊಂದುವಂತೆ ರೀಡಿಂಗುಗಳನ್ನು ಜರ್ನಲಿನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುವುದು. ಬೀಕರಿನ ಕಲಕುವ ವೇಗವು ತಗ್ಗಿದ್ದರೆ ಮೂಲೆಯಲ್ಲೆಲ್ಲೋ ಬಣ್ಣದ ನೀರು ನಿಂತು, ಮೊದಲು ಬೇಗ ಇಳಿದ ಬಣ್ಣವು ಅನಂತರ ನಿಧಾನವಾಗಿ ಇಳಿಯುವುದು. ಅರೆಲಾಗರಿತಮ್ ಹಾಳೆಯ ಮೇಲೆ ಸರಳರೇಖೆಯಾಗಬೇಕಾದ ಬಿಂದುಗಳು ಕೊನೆಯಲ್ಲಿ ಬಾಗಿಬಿಡುವುವು. ಆ ಕೊನೆಯ ಬಿಂದುಗಳನ್ನು ತಪ್ಪೆಂದು ಹೊಡೆದುಹಾಕಿ ರೇಖೆಯನ್ನು ನೇರವಾಗಿ ಎಳೆದ ವಿದ್ಯಾರ್ಥಿಗೆ ಪೂರ್ತಿ ಅಂಕಗಳು ಸಿಗಬಹುದು. ವಸ್ತುತಃ ಆ ಬಾಗಿನಲ್ಲಿಯೇ ಶಾಸ್ತ್ರದ ಮುಂದಿನ ಅಧ್ಯಾಯವಿದೆ. ನಿಂತ ಮೂಲೆಯು ಎರಡನೆಯ ಕೋಷ್ಠ; ದೇಹದಲ್ಲಿ ಕೊಬ್ಬು, ಸ್ನಾಯು, ಕಣ್ಣಿನ ಪದರಗಳು ಇಂಥವೇ. ಕ್ಲೋರೋಕ್ವಿನ್ ದೇಹದಿಂದ ಪೂರ್ತಿ ತೊಲಗಲು ತಿಂಗಳುಗಳು ಹಿಡಿಯುವುದೂ, ಲೆಕ್ಕದಲ್ಲಿ ಅದರ ವಿತರಣ ಪರಿಮಾಣವು ಇಡೀ ದೇಹದ ಗಾತ್ರಕ್ಕಿಂತ ನೂರಾರು ಪಟ್ಟು ದೊಡ್ಡದಾಗಿ ತೋರುವುದೂ, ಅದು ರಕ್ತವನ್ನು ಬಿಟ್ಟು ಅಂಗಾಂಶಗಳಲ್ಲಿ ಅಡಗಿಕೊಳ್ಳುವ ಕಾರಣದಿಂದ. ಬಾಗಿದ ಬಿಂದುಗಳನ್ನು ಅಳಿಸಿದವನು ಈ ಎರಡನೆಯ ಕೋಷ್ಠವನ್ನೇ ಅಳಿಸಿದಂತಾಗುವುದು. ಬೇಕೆಂದೇ ಪಕ್ಕದಲ್ಲಿ ಒಂದು ಚಿಕ್ಕ ಪಾತ್ರೆಯನ್ನಿಟ್ಟು, ಎರಡರ ನಡುವೆ ಸಣ್ಣ ಪಂಪಿನಿಂದ ನೀರನ್ನು ಆಚೀಚೆ ಆಡಿಸಿದರೆ ಅದೇ ಬಾಗು ಮೂಡುವುದನ್ನು ತೋರಿಸಿ, ಹಿಂದಿನ ವಾರ ತಪ್ಪೆಂದು ತಿಳಿದುದರ ಅರ್ಥವನ್ನು ವಿದ್ಯಾರ್ಥಿಯಿಂದಲೇ ಹೇಳಿಸಬಹುದು.

ಪಾತ್ರೆಯ ಈ ಪ್ರಯೋಗಗಳು ಮೊದಲನೆಯ ವರ್ಗವಾದರೆ, ಎರಡನೆಯ ವರ್ಗದ ಪ್ರಯೋಗಗಳು ಔಷಧವು ತನ್ನ ಆವರಣದಿಂದ ಬಿಡುಗಡೆಯಾಗುವುದಕ್ಕೆ ಸಂಬಂಧಪಟ್ಟವು. ಮಾತ್ರೆಯು ಕರಗುವ ವೇಗವನ್ನು ಅಳೆಯುವ ಔಷಧಸಂಹಿತೆಯ ಯಂತ್ರವು ಔಷಧ ಕಾರ್ಖಾನೆಗಳಲ್ಲೆಲ್ಲ ಇದ್ದೇ ಇರುತ್ತದೆ. 37 ಡಿಗ್ರಿ ಉಷ್ಣತೆಯ 900 ಮಿಲಿಲೀಟರ್ ದ್ರವದಲ್ಲಿ ಹುಟ್ಟೊಂದು ನಿಮಿಷಕ್ಕೆ 50 ಸುತ್ತಿನಂತೆ ತಿರುಗುತ್ತಿರುವಾಗ ಮಾತ್ರೆಯು ಕರಗುವುದನ್ನು ಅಳೆಯುವುದು ಅದರ ಕ್ರಮ. ಇಷ್ಟು ವ್ಯಯಸಾಧ್ಯವಲ್ಲದ ಇನ್ನೊಂದು ಪ್ರಯೋಗವುಂಟು. ಕಡಲಪಾಚಿಯಿಂದ ತೆಗೆದ ಸೋಡಿಯಂ ಆಲ್ಜಿನೇಟಿನ ಅಂಟುದ್ರಾವಣದಲ್ಲಿ ಬಣ್ಣವನ್ನು ಬೆರಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡಿನ ದ್ರಾವಣಕ್ಕೆ ಹನಿಹನಿಯಾಗಿ ಬೀಳಿಸಿದಾಗ, ಪ್ರತಿಯೊಂದು ಹನಿಯೂ ದ್ರವವನ್ನು ಮುಟ್ಟಿದೊಡನೆ ಹೆಪ್ಪುಗಟ್ಟಿ ಸಾಬೂದಾನಿಯಷ್ಟು ಗಾತ್ರದ ಗುಂಡುಮಣಿಯಾಗಿ ತಳಕ್ಕಿಳಿಯುತ್ತದೆ. ಸೋಸಿ ತೊಳೆದ ಈ ಮಣಿಗಳನ್ನು ಶುದ್ಧಜಲದಲ್ಲಿಟ್ಟು ಹೊರಬರುವ ಬಣ್ಣವನ್ನು ಅಳೆದರೆ, ಆರಂಭದ ಘಟ್ಟದಲ್ಲಿ ಬಿಡುಗಡೆಯ ಪ್ರಮಾಣವು ಕಾಲದ ವರ್ಗಮೂಲವನ್ನು ಅನುಸರಿಸುವುದು ಕಾಣುತ್ತದೆ; ಮುಲಾಮಿನಿಂದ ಔಷಧವು ಹೊರಬರುವ ಬಗೆಗೆ ಹಿಗುಚಿ 1961ರಲ್ಲಿ ಕೊಟ್ಟ ಸೂತ್ರದ ಲಕ್ಷಣವೂ ಇದೇ.

ಶಿರಸಿಯ ಕಡೆಯ ವಿದ್ಯಾರ್ಥಿಯು ಈ ವರ್ಗದ ಒಂದು ಪ್ರಯೋಗವನ್ನು ಮನೆಯ ಅಂಗಳದಲ್ಲಿಯೇ ಕಂಡಿರುತ್ತಾನೆ. ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿದ ಹಸಿ ಅಡಿಕೆಯನ್ನು ಹಂಡೆಗೆ ಹಾಕಿ ಬೇಯಿಸುವಾಗ, ನೀರು ಕ್ರಮೇಣ ಕೆಂಪೇರಿ ಚೊಗರಾಗುವುದು ಅಡಿಕೆಯೊಳಗಿನ ಟ್ಯಾನಿನ್ ಹೊರಕ್ಕೆ ವಿಸರಣಗೊಳ್ಳುವುದರ ಪರಿಣಾಮ. ಅಡಿಕೆಯ ಹೋಳಿನ ದಪ್ಪವನ್ನು ಬದಲಿಸಿ, ನಿಯತಕಾಲಕ್ಕೆ ಚೊಗರಿನ ಮಾದರಿಯನ್ನು ತೆಗೆದು ಫೆರಿಕ್ ಕ್ಲೋರೈಡಿನೊಂದಿಗೆ ಮೂಡುವ ಕಪ್ಪುಬಣ್ಣವನ್ನು ಅಳೆದರೆ, ಮಾತ್ರೆಯ ಗಾತ್ರಕ್ಕೂ ಬಿಡುಗಡೆಯ ವೇಗಕ್ಕೂ ಇರುವ ಸಂಬಂಧವೇ ಇಲ್ಲಿಯೂ ದೊರೆಯುವುದು. ಅಡಿಕೆಯ ಮುಖ್ಯ ಕ್ಷಾರಾಭವಾದ, 1888ರಲ್ಲಿ ಪ್ರತ್ಯೇಕಿಸಲ್ಪಟ್ಟ ಅರೆಕೊಲಿನ್ ಇನ್ನೂ ಸೂಕ್ಷ್ಮವಾದ ಪಾಠವನ್ನು ಕಲಿಸುತ್ತದೆ: ಬಾಯಿಯ ಒಳಪದರದಿಂದಲೇ ಹೀರಲ್ಪಡುವುದರಿಂದ ಅದು ಯಕೃತ್ತಿನ ಮೊದಲ ತಪಾಸಣೆಯನ್ನು ತಪ್ಪಿಸಿಕೊಂಡು ರಕ್ತವನ್ನು ಸೇರುವುದು, ರಕ್ತದಲ್ಲಿ ಅದರ ಅರ್ಧಾಯು ನಿಮಿಷಗಳಲ್ಲಿ ಎಣಿಸುವಷ್ಟು, ಕವಳದ ಸುಣ್ಣವು ಅದರ ಒಂದಂಶವನ್ನು ಅರೆಕೈಡಿನ್ ಎಂಬ ಬೇರೆಯ ಪದಾರ್ಥವನ್ನಾಗಿ ಮಾರ್ಪಡಿಸುವುದು. ಅಡಿಕೆಯು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ವರ್ಗೀಕರಿಸಿರುವಾಗ, ಅಡಿಕೆಯನ್ನೇ ನಂಬಿದ ಸೀಮೆಯ ತರುಣರು ಆ ವಾದವನ್ನು ಸಿಟ್ಟಿನಿಂದ ಎದುರಿಸುವುದಕ್ಕಿಂತ, ಪ್ರಮಾಣ, ಅವಧಿ, ಹೀರಿಕೆಗಳನ್ನು ಅಳೆಯುವ ವಿದ್ಯೆಯಿಂದ ಪರಿಶೀಲಿಸುವುದು ಹೆಚ್ಚು ಶ್ರೇಯಸ್ಕರ.

ಡಯಾಲಿಸಿಸ್ ಮೂರನೆಯ ವರ್ಗ. ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಈಗ ಈ ಯಂತ್ರಗಳು ಕಾಣಸಿಗುತ್ತಿರುವುದರಿಂದ ಇದರ ಪ್ರಸ್ತುತತೆಯನ್ನು ವಿವರಿಸಬೇಕಾದುದಿಲ್ಲ. ಸೆಲ್ಯುಲೋಸ್ ಪೊರೆಯ ಕೊಳವೆಯಲ್ಲಿ ಉಪ್ಪುನೀರನ್ನಿಟ್ಟು ಹೊರಗೆ ಶುದ್ಧಜಲವನ್ನು ಹಾಯಿಸಿ, ವಿದ್ಯುದ್ವಾಹಕತೆಯ ಮಾಪಕದಿಂದ ಉಪ್ಪಿನ ನಿರ್ಗಮನವನ್ನು ಅಳೆಯುವುದು ಅರ್ಧದಿನದ ಕೆಲಸ. ಡಯಾಲಿಸಿಸ್ ಸಾಕಷ್ಟಾಯಿತೇ ಎಂದು ತೀರ್ಮಾನಿಸಲು ಇಂದು ಜಗತ್ತಿನಾದ್ಯಂತ ಬಳಸುವ ಅಳತೆಗೋಲನ್ನು 1985ರಲ್ಲಿ ವೈದ್ಯನಾದ ಫ್ರ್ಯಾಂಕ್ ಗಾಚ್ ಮತ್ತು ಇಂಜಿನಿಯರಾದ ಜಾನ್ ಸಾರ್ಜೆಂಟ್ ಕೂಡಿಯೇ ರೂಪಿಸಿದರು. ಕ್ಲಿಯರೆನ್ಸನ್ನು ಕಾಲದಿಂದ ಗುಣಿಸಿ ದೇಹದ ಜಲಪರಿಮಾಣದಿಂದ ಭಾಗಿಸಿದಾಗ ಬರುವ ಆ ಸಂಖ್ಯೆಯು, ಮೊದಲ ಬೀಕರಿನಲ್ಲಿ ವಿದ್ಯಾರ್ಥಿಯು ಕಂಡುಹಿಡಿದ ಘಾತಾಂಕವಲ್ಲದೆ ಬೇರೇನೂ ಆಗಿಲ್ಲ.

ಗಣಕದ ಅನುಕರಣ, ಜೀವಿಗಳ ಮೇಲಿನ ಪ್ರಯೋಗ ಎಂಬ ಬೇರೆ ಎರಡು ಮಾರ್ಗಗಳನ್ನು ಸಂಕ್ಷೇಪವಾಗಿ ಹೇಳಬಹುದು. ಗಣಕದ ಅನುಕರಣವು ಅಗ್ಗವೂ ಶೀಘ್ರವೂ ಆಗಿದ್ದು, ನೂರಾರು ರೋಗಿಗಳ ಕಲ್ಪಿತ ವಕ್ರರೇಖೆಗಳನ್ನು ಕ್ಷಣದಲ್ಲಿ ತೋರಿಸಬಲ್ಲದು. ಆದರೆ ಗಣಕಕ್ಕೆ ಕೊಟ್ಟ ಸಮೀಕರಣವನ್ನೇ ಅದು ಹಿಂದಿರುಗಿಸುವುದರಿಂದ, ಪಾತ್ರೆಯ ಮೂಲೆಯಲ್ಲಿ ನಿಂತ ನೀರಿನಂಥ ಅನಿರೀಕ್ಷಿತವು ಅಲ್ಲಿ ಎಂದೂ ಹುಟ್ಟಲಾರದು. ಮನುಷ್ಯರ ಮತ್ತು ಪ್ರಾಣಿಗಳ ಮೇಲಿನ ಪ್ರಯೋಗವು ಇಂಜಿನಿಯರಿಂಗ್ ಕಾಲೇಜಿನ ಅಧಿಕಾರಕ್ಕೆ ಮೀರಿದುದು. ಕಾಫಿ ಕುಡಿದ ವಿದ್ಯಾರ್ಥಿಗಳ ಜೊಲ್ಲಿನಲ್ಲಿ ಕೆಫೀನನ್ನು ಅಳೆಯುವಂಥ ನಿರಪಾಯ ಪ್ರಯೋಗಕ್ಕೂ ನೈತಿಕ ಸಮಿತಿಯ ಒಪ್ಪಿಗೆಯನ್ನೂ ಭಾಗವಹಿಸುವವರ ಸ್ವತಂತ್ರ ಸಮ್ಮತಿಯನ್ನೂ ಪಡೆಯತಕ್ಕದ್ದು. ಅಂಕ ಕೊಡುವ ಅಧ್ಯಾಪಕನೆದುರು ವಿದ್ಯಾರ್ಥಿಯ ಸಮ್ಮತಿಯು ಎಷ್ಟರ ಮಟ್ಟಿಗೆ ಸ್ವತಂತ್ರವೆಂಬುದೂ ವಿಚಾರಾರ್ಹ.

ಪಾತ್ರೆಯ ವಿಧಾನಕ್ಕೂ ಮಿತಿಗಳಿವೆ, ಅವನ್ನು ಮುಚ್ಚಿಡಲಾಗದು. ಬೀಕರಿನ ಹೊರಹರಿವು ಬಣ್ಣ ಎಷ್ಟಿದ್ದರೂ ಅದರ ಒಂದೇ ಪಾಲನ್ನು ಒಯ್ಯುವುದು. ಯಕೃತ್ತಿನ ಕಿಣ್ವಗಳಿಗಾದರೋ ಅಷ್ಟು ಸಾಮರ್ಥ್ಯವಿಲ್ಲ. ಆಸ್ಪಿರಿನ್ನಿನಿಂದ ಹುಟ್ಟುವ ಸ್ಯಾಲಿಸಿಲೇಟಿನ ಅರ್ಧಾಯು ಅಲ್ಪ ಪ್ರಮಾಣದಲ್ಲಿ ಎರಡು ಮೂರು ಗಂಟೆಗಳಾಗಿದ್ದು, ಪ್ರಮಾಣವು ವಿಪರೀತವಾದಾಗ 15 ಗಂಟೆಗಳನ್ನೂ ಮೀರುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ನಿನ ಪ್ರಮಾಣವನ್ನು ಸ್ವಲ್ಪ ಏರಿಸಿದರೂ ರಕ್ತದಲ್ಲಿನ ಮಟ್ಟವು ಅಳತೆಮೀರಿ ಏರಬಹುದು. ಮುದುಕರು, ಹಸುಗೂಸುಗಳು, ಮೂತ್ರಪಿಂಡ ಕೆಟ್ಟವರು ಇವರೆಲ್ಲರ ದೇಹವನ್ನು ಒಂದೇ ಬೀಕರು ಪ್ರತಿನಿಧಿಸಲಾರದು. ಆದುದರಿಂದ ಈ ಪ್ರಯೋಗಗಳನ್ನು ಕಲಿತ ಇಂಜಿನಿಯರನು ಚಿಕಿತ್ಸೆಯ ವಿಷಯದಲ್ಲಿ ತಾನು ವೈದ್ಯನ ಸಮಾನನೆಂದು ಭ್ರಮಿಸುವ ಅಪಾಯವನ್ನು ಅಧ್ಯಾಪಕನು ಪಾಠದ ಜೊತೆಗೇ ನಿವಾರಿಸತಕ್ಕದ್ದು.

ಇಷ್ಟನ್ನೆಲ್ಲ ತೂಗಿನೋಡಿದಾಗ, ಬೀಕರು, ಚಿಕ್ಕ ಪಂಪು, ಕಲರಿಮೀಟರುಗಳ ವೆಚ್ಚವು ಯಾವ ಕಾಲೇಜಿಗೂ ಅಸಾಧ್ಯವಾದುದಲ್ಲವೆಂಬುದು ಸ್ಪಷ್ಟ; ಕೊರತೆ ಇರುವುದು ಪರೀಕ್ಷಾಪದ್ಧತಿಯಲ್ಲಿ. ಅರ್ಧಾಯು 14 ನಿಮಿಷವೆಂದು ಬರೆದವನಿಗೂ, ತನಗೆ 17 ನಿಮಿಷ ಬಂದಿತೆಂದು ಪ್ರಾಮಾಣಿಕವಾಗಿ ಬರೆದು ಅದಕ್ಕೆ ಕಲಕುವ ದೋಷ, ಪಂಪಿನ ಏರುಪೇರು, ಮಾದರಿ ತೆಗೆಯುವಲ್ಲಿ ಆದ ವಿಳಂಬಗಳಲ್ಲಿ ಯಾವುದು ಎಷ್ಟು ಕಾರಣವೆಂದು ಅಳೆದು ತೋರಿಸಿದವನಿಗೂ ಇಂದು ದೊರೆಯುವ ಅಂಕಗಳನ್ನು ಅದಲುಬದಲು ಮಾಡದ ಹೊರತು ಯಾವ ಉಪಕರಣವೂ ಪ್ರಯೋಜನಕ್ಕೆ ಬಾರದು. ನಾಳೆ ಇನ್ಸುಲಿನ್ ಪಂಪನ್ನೋ, ಡಯಾಲಿಸಿಸ್ ಯಂತ್ರವನ್ನೋ ವಿನ್ಯಾಸಗೊಳಿಸುವ ಇಂಜಿನಿಯರನೆದುರು ಬರುವ ರೋಗಿಗಳೆಲ್ಲರೂ ಸೂತ್ರದಿಂದ ಅಷ್ಟೋ ಇಷ್ಟೋ ದೂರ ಸರಿದವರೇ ಆಗಿರುವರು. ಆ ದೂರವನ್ನು ತಪ್ಪೆಂದು ಅಳಿಸದೆ ಅಳೆಯುವುದನ್ನು ಕಲಿಸುವ ಪ್ರಯೋಗಶಾಲೆಯು ಮಾತ್ರ ಈ ಶಾಸ್ತ್ರವನ್ನು ಇಂಜಿನಿಯರನಿಗೆ ಕಲಿಸಿತೆಂದು ಹೇಳಿಕೊಳ್ಳಬಹುದು.